ದೇಶದ ಸಾಲವನ್ನು ಒಂದೇ ಹಾಳೆಗೆ ಇಳಿಸಿದ್ದು

ನವೆಂಬರ್ ಕೊನೆಯ ವಾರ ತರೀಕೆರೆಯ ಪಿಯು ಕಾಲೇಜಿನ ಪ್ರಿನ್ಸಿಪಾಲರು ಕಡೂರಿನ ನನ್ನ ಮನೆಗೆ ಫೋನ್ ಮಾಡಿ, ಆ ಸಲದ ಚರ್ಚಾಸ್ಪರ್ಧೆಯ ವಿಷಯವನ್ನು ಓದಿ ಹೇಳಿದರು. ‘ದೇಶದ ಸಾಲ ಬೆಳೆದದ್ದಕ್ಕೆ ಆಳಿದ ಪಕ್ಷವೇ ಹೊಣೆ.’ ಪರ ಮತ್ತು ವಿರೋಧ. ಕಡೂರು, ತರೀಕೆರೆ, ಅಜ್ಜಂಪುರ ಮೂರೂ ತಾಲ್ಲೂಕಿನ ಪಿಯು ಕಾಲೇಜುಗಳಿಂದ ಎಂಟು ತಂಡಗಳು.

“ಸರ್, ಇದು ಬೆಂಕಿ ಅಲ್ವಾ?” ಎಂದೆ.

“ಬೆಂಕಿ ಇಲ್ದಿದ್ರೆ ಹುಡುಗ್ರು ಎಲ್ಲಿ ಬತ್ತಾರೆ ಮೇಡಂ? ಹೋದ್ಸಲ ಮೊಬೈಲ್ ವರವೋ ಶಾಪವೋ ಅಂತ ಇಟ್ಟಿದ್ದೆ, ಅರ್ಧ ಹಾಲ್ ನಿದ್ದೆ ಹೊಡೀತು. ನೀವು ಶೀಟ್ ಮಾಡ್ಕೊಡಿ ಸಾಕು. ಬೆಂಕಿ ನಾನು ನೋಡ್ಕತೀನಿ.”

ಶೀಟ್ ಎಂದರೆ ಏನೆಂದು ಹೇಳಿಬಿಡುತ್ತೇನೆ. ಈ ಸ್ಪರ್ಧೆಯಲ್ಲಿ ಪರ, ವಿರೋಧ ಎರಡೂ ಕಡೆಯವರಿಗೆ ಒಂದೇ ಅಂಕಿ ಅಂಶದ ಹಾಳೆಯನ್ನು ಹತ್ತು ದಿನ ಮುಂಚೆ ಕಳಿಸುತ್ತಾರೆ. ಮಾತಿನಲ್ಲಿ ಅಂಕಿ ಹೇಳುವುದಾದರೆ ಆ ಹಾಳೆಯಿಂದಲೇ ಹೇಳಬೇಕು. ಹೊರಗಿನ ಅಂಕಿ ತಂದರೆ ಎರಡು ಅಂಕ ಕಡಿತ. ಈ ರೂಲ್ ಮಾಡಿದವಳು ನಾನೇ. ಫೋನಿನಲ್ಲಿ ಬಂದ ಫಾರ್ವರ್ಡ್‌ಗಳನ್ನು ಹಿಡಿದುಕೊಂಡು ಒಂದು ವರ್ಷ ಎರಡು ತಂಡಗಳು ಒಂದೇ ವಿಷಯಕ್ಕೆ ಎರಡು ಲೆಕ್ಕ ಹೇಳಿ, ಕೊರಳಪಟ್ಟಿ ಹಿಡಿಯುವ ಮಟ್ಟಕ್ಕೆ ಹೋದಾಗ ನಾನು ಇದನ್ನು ಸೂಚಿಸಿದ್ದೆ. ವಾಕ್ಯವೂ ನನ್ನದೇ: ‘ಹಾಳೆಯೇ ಅಂತಿಮ.’ ಅದರ ಬಗ್ಗೆ ನನಗೆ ಒಳಗೊಳಗೇ ಜಂಬವಿತ್ತು.

ಹಾಳೆ ಒಂದೇ ಮಗ್ಗುಲು ಇರಬೇಕೆಂಬುದೂ ನನ್ನದೇ ಹಟ. ಮೊದಲ ಸಲ ಎರಡು ಹಾಳೆಗೆ ಪಿನ್ ಹೊಡೆದು ಕಳಿಸಿದ್ದೆವು. ಒಂದು ತಂಡಕ್ಕೆ ಎರಡನೆಯ ಹಾಳೆ ತಲುಪಲೇ ಇಲ್ಲ, ಪಾಪ ಆ ಮಕ್ಕಳು ವೇದಿಕೆಯ ಮೇಲೆ ಕಣ್ಣು ಕಣ್ಣು ಬಿಟ್ಟರು. ಆಮೇಲಿನಿಂದ ಒಂದೇ ಮಗ್ಗುಲು, ನನ್ನ ಕೈಬರಹ, ಸ್ಕೇಲ್ ಇಟ್ಟು ಎಳೆದ ಗೆರೆ. ಅದನ್ನೇ ಜೆರಾಕ್ಸ್ ಮಾಡಿಸುತ್ತಿದ್ದರು. ಕಾನ್ವೆಂಟಿನ ಸಿಸ್ಟರ್‌ಗಳು ನಮಗೆ ಕಲಿಸಿದ್ದರಲ್ಲಿ ನನ್ನ ಕೈಯಲ್ಲಿ ಉಳಿದದ್ದು ನೀಟ್‌ನೆಸ್ ಒಂದೇ. ಉಳಿದದ್ದು ಏನಾಯಿತೆಂದು ಮುಂದೆ ನಿಮಗೇ ಗೊತ್ತಾಗುತ್ತದೆ.

ಕೆಲಸ ಶುರುಮಾಡಿದ ಮೊದಲ ದಿನವೇ ತೊಡಕು. ದೇಶದ ಸಾಲ ಎಂದರೆ ಕೇಂದ್ರದ್ದು ಮಾತ್ರವೋ, ರಾಜ್ಯಗಳದ್ದೂ ಸೇರಿತೋ? ರಾಜ್ಯ ಸೇರಿಸಿದರೆ ಡೆಲ್ಲಿಯಲ್ಲಿ ಒಂದು ಪಕ್ಷ, ಬೆಂಗಳೂರಲ್ಲಿ ಇನ್ನೊಂದು ಪಕ್ಷ, ಹೊಣೆ ಯಾರದೆಂದು ಹಾಳೆಯಲ್ಲಿ ತೋರಿಸುವುದೇ ಆಗದು. ಕೇಂದ್ರದ್ದು ಮಾತ್ರ ಎಂದು ಬರೆದುಕೊಂಡೆ.

ಎರಡನೆಯದು ವರ್ಷದ ಗಡಿ. ಸರ್ಕಾರದ ಲೆಕ್ಕದ ವರ್ಷ ಮುಗಿಯುವುದು ಮಾರ್ಚಿಗೆ, ಸರ್ಕಾರ ಬದಲಾಗುವುದು ಸಾಮಾನ್ಯವಾಗಿ ಮೇ ತಿಂಗಳಿಗೆ. ಹೋಗುವವರು ಒಂದು ತಾತ್ಕಾಲಿಕ ಬಜೆಟ್ ಓದಿ ಹೋಗುತ್ತಾರೆ, ಬರುವವರು ಪೂರ್ತಿ ಬಜೆಟ್ ಓದುತ್ತಾರೆ. ಆ ವರ್ಷದ ಸಾಲವನ್ನು ಯಾರ ತಲೆಗೆ ಕಟ್ಟುವುದು? ಎರಡು ದಿನ ಯೋಚಿಸಿ ಆ ವರ್ಷಗಳನ್ನೆಲ್ಲ ಯಾರಿಗೂ ಸೇರಿಸದೆ ‘ಕೈ ಬದಲಾದ ವರ್ಷ’ ಎಂದು ಬೇರೆ ಸಾಲಿನಲ್ಲಿ ಇಟ್ಟೆ. ಇವತ್ತಿಗೂ ಅದು ಸರಿಯಾದ ತೀರ್ಮಾನವೆಂದೇ ನನ್ನ ಭಾವನೆ.

ಮೂರನೆಯದು ರೂಪಾಯಿ. ಬರೀ ರೂಪಾಯಿ ಹಾಕಿದರೆ ಇತ್ತೀಚೆಗೆ ಆಳಿದವರೇ ದೊಡ್ಡ ಸಾಲಗಾರರಾಗಿ ಕಾಣುತ್ತಾರೆ, ಏಕೆಂದರೆ ದೇಶದ ದುಡಿಮೆಯೂ ಬೆಲೆಯೂ ಬೆಳೆದಿವೆ. ಆದ್ದರಿಂದ ಮೂರು ಕಾಲಂ: ಸಾಲದ ಮೊತ್ತ, ಹಿಂದಿನ ವರ್ಷಕ್ಕಿಂತ ಶೇಕಡಾ ಎಷ್ಟು ಹೆಚ್ಚು, ದೇಶದ ಒಟ್ಟು ಉತ್ಪನ್ನದಲ್ಲಿ ಶೇಕಡಾ ಎಷ್ಟು ಪಾಲು. ಪಕ್ಷಗಳ ಹೆಸರು ಬೇಡವೆಂದು ಅ, ಆ, ಇ ಎಂದು ಇಟ್ಟೆ. ಅ ಒಂದು ಪಕ್ಷ, ಆ ಇನ್ನೊಂದು, ಇ ಎಂದರೆ ಹಲವರು ಕೂಡಿ ನಡೆಸಿದ ಸರ್ಕಾರ. ಜೆರಾಕ್ಸ್ ಅಂಗಡಿಯವನು ಹಾಳೆಯನ್ನು ಒಂದು ಸಲ ನೋಡಿ, “ಅಮ್ಮೋರೆ, ಬುರ್ಖಾ ಹಾಕಿದ್ರೂ ನಡಿಗೆ ಗೊತ್ತಾಗುತ್ತೆ ಬಿಡಿ” ಎಂದು ನಕ್ಕ.

ಕೊನೆಯ ತೊಡಕು ಮೂಲದ್ದು. ಹಳೆಯ ವರ್ಷಗಳ ಲೆಕ್ಕ ಕಡೂರಿನ ಕಾಲೇಜಿನ ಲೈಬ್ರರಿಯ ಬಜೆಟ್ ಪುಸ್ತಕಗಳಲ್ಲಿ ಸಿಕ್ಕಿತು. ಆಮೇಲಿನ ವರ್ಷಗಳ ಪುಸ್ತಕ ಅಲ್ಲಿರಲಿಲ್ಲ. ಅವನ್ನು ಸರ್ಕಾರದ ಇನ್ನೊಂದು ವರದಿಯಿಂದ, ಇಂಟರ್ನೆಟ್‌ನಿಂದ ಇಳಿಸಿ ಪ್ರಿಂಟ್ ತೆಗೆಸಿದೆ. ಎರಡನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟಾಗ ವರದಿಯ ಕೆಳಗೆ ಚಿಕ್ಕ ಅಕ್ಷರದಲ್ಲಿದ್ದ ಫುಟ್‌ನೋಟ್ ಕಣ್ಣಿಗೆ ಬಿತ್ತು. ಹಳೆಯ ಪುಸ್ತಕ ವಿದೇಶಿ ಸಾಲವನ್ನು ತಂದ ದಿನದ ಡಾಲರ್ ದರದಲ್ಲಿ ಲೆಕ್ಕ ಹಿಡಿದಿತ್ತು. ಹೊಸ ವರದಿ ಅದೇ ಸಾಲವನ್ನು ಈಗಿನ ದರದಲ್ಲಿ ಹಿಡಿದಿತ್ತು. ರೂಪಾಯಿ ಇಳಿದಂತೆಲ್ಲ, ಹೊಸದಾಗಿ ಒಂದು ಡಾಲರ್ ತರದಿದ್ದರೂ ಹಳೆಯ ಸಾಲ ರೂಪಾಯಿಯಲ್ಲಿ ಉಬ್ಬುತ್ತದೆ. ಎರಡು ಮೂಲಗಳನ್ನು ಅಂಟಿಸಿದ ಜಾಗದಲ್ಲಿ ಸಾಲ ಇದ್ದಕ್ಕಿದ್ದಂತೆ ಒಂದು ಮೆಟ್ಟಿಲು ಹಾರಿದ ಹಾಗೆ ಕಾಣುತ್ತಿತ್ತು. ಆ ಹಾರಿದ ವರ್ಷ ‘ಆ’ ಪಕ್ಷದ ಮೊದಲ ಪೂರ್ತಿ ವರ್ಷ.

ಕಚ್ಚಾ ಪ್ರತಿಯಲ್ಲಿ ಕೆಳಗೆ ಮೂರು ಸಾಲಿನ ಟಿಪ್ಪಣಿ ಬರೆದೆ. ಫೇರ್ ಕಾಪಿ ಬರೆಯುವಾಗ ಹಾಳೆ ಸಾಲಲಿಲ್ಲ. ಎರಡು ಸಾಲು ಹಿಂಬದಿಗೆ ಹೋಗುತ್ತಿತ್ತು. ಅಕ್ಷರ ಚಿಕ್ಕದು ಮಾಡಿದರೆ ಜೆರಾಕ್ಸಿನಲ್ಲಿ ಮಸಿ ಮಸಿ. ‘ಕೈ ಬದಲಾದ ವರ್ಷ’ದ ವಿವರಣೆಯನ್ನು ತೆಗೆಯಬಹುದಿತ್ತು, ಅದು ನನ್ನ ಸ್ವಂತ ಐಡಿಯಾ, ತೆಗೆಯಲು ಮನಸ್ಸಾಗಲಿಲ್ಲ. ಪಿಯು ಮಕ್ಕಳಿಗೆ ಡಾಲರ್ ದರದ ತಲೆನೋವು ಯಾಕೆ, ಯಾರು ಓದುತ್ತಾರೆ ಎಂದುಕೊಂಡು ಕಚ್ಚಾ ಪ್ರತಿಯ ಟಿಪ್ಪಣಿಯ ಮೇಲೆ ಸ್ಕೇಲ್ ಇಟ್ಟು ಅಡ್ಡಗೆರೆ ಎಳೆದೆ. ಹಾಳೆ ಸುಂದರವಾಗಿ ಬಂತು. ನಲವತ್ತು ವರ್ಷ ಅರ್ಥಶಾಸ್ತ್ರ ಪಾಠ ಮಾಡಿ, ‘ಫುಟ್‌ನೋಟ್ ಓದದವನು ಟೇಬಲ್ ಓದಿಲ್ಲ’ ಎಂದು ಮಕ್ಕಳ ತಲೆಗೆ ತುಂಬಿದವಳು ನಾನು.

ಸ್ಪರ್ಧೆಯ ದಿನ ಬೆಳಿಗ್ಗೆಯ ಬಸ್ಸಿಗೆ ತರೀಕೆರೆಗೆ ಹೋದೆ. ನನ್ನ ಜೊತೆಗೆ ಇನ್ನೊಬ್ಬರು ತೀರ್ಪುಗಾರರು ನಿವೃತ್ತ ಬ್ಯಾಂಕ್ ಮ್ಯಾನೇಜರು, ತಮಾಷೆಯ ಮನುಷ್ಯ. ಕೈಗೆ ಗಂಟೆ ಕೊಟ್ಟರೆ ಅವರಿಗೆ ಮಗುವಿನ ಸಂತೋಷ. “ಮೇಡಮ್ಮೋರೆ, ಇವತ್ತು ಇಡೀ ದೇಶದ ಲೋನ್ ನಾವಿಬ್ರೇ ರೈಟ್ ಆಫ್ ಮಾಡ್ಬುಡೋಣ” ಎಂದರು.

ಮಧ್ಯಾಹ್ನದವರೆಗೆ ಎಲ್ಲ ಸಲೀಸು. ಮಕ್ಕಳು ನನ್ನ ಹಾಳೆಯನ್ನು ಕೈಯಲ್ಲಿ ಹಿಡಿದು ‘ಆ’ ಪಕ್ಷದ ಆ ಒಂದು ವರ್ಷದ ಮೇಲೆಯೇ ಮುಗಿಬಿದ್ದರು. ಪರವಾಗಿ ಮಾತಾಡಿದ ಪ್ರತಿಯೊಬ್ಬರೂ ಆ ಹಾರಿದ ಮೆಟ್ಟಿಲನ್ನೇ ತೋರಿಸಿದರು. ಒಬ್ಬನಂತೂ ಹಾಳೆಯನ್ನು ಎತ್ತಿ ಹಿಡಿದು, “ಇದು ಸಾಲವಲ್ಲ, ಹೈಜಂಪ್!” ಎಂದ. ಚಪ್ಪಾಳೆ. ನಾನು ನನ್ನ ಕೈಯ ಪ್ರತಿಯನ್ನು ಮೇಜಿನ ಮೇಲೆ ಮಗುಚಿ ಇಟ್ಟೆ.

ಅಜ್ಜಂಪುರದ ಹುಡುಗಿ ಬಂದದ್ದು ಊಟದ ನಂತರ. ದ್ವಿತೀಯ ಪಿಯು, ಎಣ್ಣೆ ಹಚ್ಚಿ ಬಿಗಿದ ಎರಡು ಜಡೆ, ಮೈಕಿಗೆ ಹೆದರದ ದನಿ. ವಿಷಯದ ವಿರೋಧವಾಗಿ ಮಾತಾಡುತ್ತಿದ್ದಳು, ಅಂದರೆ ಸಾಲ ಬೆಳೆಯುವುದು ಪಕ್ಷದ ಹೆಸರು ನೋಡಿ ಅಲ್ಲ ಎಂಬುದು ಅವಳ ವಾದ. ಬಾಯಿಪಾಠದ ಮಾತಿರಲಿಲ್ಲ.

“ಎಲ್ಲರೂ ಈ ವರ್ಷದ ಮೇಲೆ ಬೆರಳಿಟ್ಟಿದ್ದೀರಿ. ನಮ್ಮ ಮನೇಲಿ ಹತ್ತು ವರ್ಷದ ಹಿಂದೆ ಪಕ್ಕದ ಮನೆಯವರ ಹತ್ರ ನೂರು ತೆಂಗಿನಕಾಯಿ ಕೈಗಡ ತಂದಿದ್ವಿ ಅನ್ಕೊಳ್ಳಿ. ಇನ್ನೂ ವಾಪಸ್ ಕೊಟ್ಟಿಲ್ಲ. ಮೊನ್ನೆವರೆಗೂ ಅದನ್ನ ತಂದ ದಿನದ ರೇಟಲ್ಲಿ ಬರ್ಕೊಂಡಿದ್ವಿ. ಈಗ ಮನೆ ಯಜಮಾನಿಕೆ ನಮ್ಮ ಚಿಕ್ಕಪ್ಪಂಗೆ ಬಂತು, ಇವತ್ತಿನ ರೇಟಲ್ಲಿ ಬರೆದ್ವಿ. ಚಿಕ್ಕಪ್ಪ ಒಂದು ಕಾಯಿನೂ ಹೊಸದಾಗಿ ತಂದಿಲ್ಲ. ಸಾಲ ಮಾತ್ರ ದುಪ್ಪಟ್ಟು! ಈ ಹಾಳೆಯಲ್ಲಿ ಆಗಿರೋದೂ ಅದೇ. ಮೇಲಿನ ಅರ್ಧ ಒಂದು ಲೆಕ್ಕ, ಕೆಳಗಿನ ಅರ್ಧ ಇನ್ನೊಂದು ಲೆಕ್ಕ.”

ಅಷ್ಟು ಹೇಳಿ ಮಡಚಿದ ಒಂದು ಪ್ರಿಂಟ್ ತೆಗೆದಳು. ಅದೇ ವರದಿ. ಫುಟ್‌ನೋಟ್ ಓದಿ, ಹಳೆಯ ಲೆಕ್ಕದಲ್ಲೇ ಮುಂದುವರಿಸಿದ್ದರೆ ಆ ವರ್ಷ ಎಷ್ಟಾಗುತ್ತಿತ್ತು ಎಂಬ ಅಂಕಿಯನ್ನೂ ಹೇಳಿದಳು.

ಹಿಂದಿನ ಬೆಂಚಿನಿಂದ ಅವಳದೇ ಊರಿನ ಇನ್ನೊಂದು ಕಾಲೇಜಿನ ಹುಡುಗ ಕೂಗಿದ. “ನಿಮ್ಮಾವ ಬರ್ಕೊಟ್ನೇನೇ ಭಾಷಣಾನಾ? ಬಾವುಟ ಕಟ್ಟೋನು!”

ಹಾಲ್ ಗೊಳ್ಳೆಂದಿತು. ಅವಳ ಸೋದರಮಾವ ‘ಆ’ ಪಕ್ಷದ ಬಾವುಟ ಕಟ್ಟುವವನೆಂಬ ಮಾತು ಆಗ ನನ್ನ ಕಿವಿಗೆ ಬಿತ್ತು. ಬ್ಯಾಂಕ್ ಮ್ಯಾನೇಜರು ಗಂಟೆ ಹೊಡೆದು ನನ್ನ ಕಡೆ ತಿರುಗಿದರು. “ಔಟ್‌ಸೈಡ್ ಫಿಗರ್ ಅಲ್ವಾ ಮೇಡಂ? ರೂಲ್ ನಿಮ್ದೇ.”

ಹುಡುಗಿ ನನ್ನನ್ನೇ ನೋಡುತ್ತಿದ್ದಳು. “ಮೇಡಂ, ಹಾಳೆ ಮಾಡಿದವ್ರು ನೀವೇ ಅಂತೆ. ಈ ಕಾಲಂ ಯಾವ ರೇಟು ಅಂತ ಒಂದ್ಸಲ ಹೇಳಿಬಿಡಿ. ಒಂದೇ ರೇಟು ಅಂದ್ರೆ ನಾನು ತಪ್ಪು ಅಂತ ಒಪ್ಕತೀನಿ.”

ಎಷ್ಟು ಸರಳವಾದ ಪ್ರಶ್ನೆ. ಎರಡು ರೇಟು ಎಂದರೆ ಆಗುತ್ತಿತ್ತು. ಎರಡೇ ಶಬ್ದ. ಆದರೆ ಬೆಳಗಿನಿಂದ ಮಾತಾಡಿದ ಮಕ್ಕಳೆಲ್ಲ ನನ್ನ ಹಾಳೆಯನ್ನು ನಂಬಿ ಮಾತಾಡಿದ್ದರು. ಆ ಹೊತ್ತಿನಲ್ಲಿ ಹಾಳೆ ತಪ್ಪು ಎಂದರೆ ಇಡೀ ದಿನದ ಸ್ಪರ್ಧೆ ಕೆಡುತ್ತದೆ, ಪ್ರಿನ್ಸಿಪಾಲರ ಮುಖ ಕೆಡುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಆನೆಸ್ಟ್ ಆಗಿ ಹೇಳಬೇಕೆಂದರೆ ಅದು ಯಾವುದೂ ಅಲ್ಲ. ಅಷ್ಟು ಜನರ ಮುಂದೆ ಹದಿನೇಳು ವರ್ಷದ ಹುಡುಗಿ ನನ್ನ ನೀಟಾದ ಹಾಳೆಯ ತಪ್ಪು ಹಿಡಿದದ್ದನ್ನು ನನಗೆ ತಡೆದುಕೊಳ್ಳಲಾಗಲಿಲ್ಲ.

ಮೈಕ್ ಎಳೆದುಕೊಂಡು ಹೇಳಿದೆ: “ಹಾಳೆಯಲ್ಲಿ ಇಲ್ಲದ ಅಂಕಿಯನ್ನು ಪರಿಗಣಿಸುವುದಿಲ್ಲ. ಎರಡು ಅಂಕ ಕಡಿತ. ಮುಂದುವರಿಸು.”

ಅವಳು ಮುಂದುವರಿಸಲಿಲ್ಲ. ಪ್ರಿಂಟನ್ನು ಮೊದಲಿನ ಮಡಿಕೆಯಲ್ಲೇ ಮಡಚಿ, ನಮಸ್ಕಾರ ಹೇಳಿ ಇಳಿದಳು. ಹೈಜಂಪ್ ಎಂದ ಹುಡುಗನಿಗೆ ಮೊದಲ ಬಹುಮಾನ ಬಂತು. ಅವನು ಜಿಲ್ಲಾ ಮಟ್ಟಕ್ಕೆ ಹೋದ. ಕಡಿತವಾಗದಿದ್ದರೆ ಅವಳು ಹೋಗುತ್ತಿದ್ದಳು.

ಮನೆಗೆ ಬಂದು ಕಚ್ಚಾ ಪ್ರತಿ ತೆಗೆದೆ. ಗೆರೆಯ ಕೆಳಗೆ ಟಿಪ್ಪಣಿ ಸ್ಪಷ್ಟವಾಗಿ ಓದಲು ಬರುತ್ತಿತ್ತು. ನಾನು ಹೊಡೆದು ಹಾಕುವುದೂ ಅಷ್ಟು ನೀಟಾಗಿ.

ಆವತ್ತೇ ಫೋನ್ ಮಾಡಬೇಕಿತ್ತು. ಮಾಡಲಿಲ್ಲ. ಮೊದಲು ಲೆಕ್ಕ ಸರಿಮಾಡಿಕೊಂಡು ಆಮೇಲೆ ಮಾತಾಡೋಣ ಎಂಬ ನೆಪ ಹೂಡಿದೆ. ಎಲ್ಲ ವರ್ಷಗಳ ವಿದೇಶಿ ಸಾಲವನ್ನೂ ತಂದ ದಿನದ ದರಕ್ಕೆ ಇಳಿಸಿ, ಮತ್ತೆ ಒಟ್ಟು ಕೂಡಿಸಿ, ಮತ್ತೆ ಶೇಕಡಾ ತೆಗೆದೆ. ಕ್ಯಾಲ್ಕುಲೇಟರ್ ಮೇಲೆ ನಂಬಿಕೆ ಸಾಲದೆ ಪ್ರತಿಯೊಂದನ್ನೂ ಕೈಯಲ್ಲಿ ಇನ್ನೊಂದು ಸಲ ಮಾಡಿದೆ. ಹುಡುಗಿ ಹೇಳಿದ ಅಂಕಿಯೇ ಬಂತು. ಆ ಹೈಜಂಪ್ ಸಾಧಾರಣ ಹೆಜ್ಜೆಯಾಯಿತು. ಅಷ್ಟೇ ಅಲ್ಲ, ಅ, ಆ, ಇ ಅಕ್ಷರಗಳ ಮೇಲೆ ಕೈಯಿಟ್ಟು ಮುಚ್ಚಿ ನೋಡಿದರೆ, ಯಾವ ಪಕ್ಷ ಎಲ್ಲಿ ಶುರುವಾಯಿತು, ಎಲ್ಲಿ ಮುಗಿಯಿತು ಎಂದು ಅಂಕಿ ನೋಡಿ ಹೇಳಲು ಸಾಧ್ಯವೇ ಇರಲಿಲ್ಲ. ಕಾಯಿಲೆಯ ವರ್ಷ, ವ್ಯಾಪಾರ ಬಿದ್ದ ವರ್ಷ, ಹಳೆಯ ಬಡ್ಡಿ ತೀರಿಸಲು ಹೊಸ ಸಾಲ ತಂದ ವರ್ಷ, ಇವು ಕಾಣುತ್ತಿದ್ದವು. ಅವಳ ವಾದವೂ ಅದೇ ತಾನೇ.

ಇಷ್ಟಕ್ಕೆ ಹನ್ನೊಂದು ದಿನ ತೆಗೆದುಕೊಂಡೆ. ಕೆಲಸ ಐದು ದಿನದ್ದು. ಉಳಿದ ಆರು ದಿನ ಫೋನಿನ ಎದುರು ಕುಳಿತದ್ದು.

“ಅಯ್ಯೋ ಮೇಡಂ,” ಎಂದರು ಪ್ರಿನ್ಸಿಪಾಲರು. “ನಿನ್ನೆ ಜಿಲ್ಲಾ ಮಟ್ಟದ್ದೂ ಮುಗೀತಲ್ಲ. ನಮ್ಮ ಹುಡ್ಗ ಸೋತ, ಅದು ಬೇರೆ. ಈಗ ಯಾಕೆ ಕೆದಕ್ತೀರಾ?”

“ಹುಡುಗಿ ಹೇಳಿದ್ದು ಸರಿ ಇತ್ತು ಸರ್.”

“ಇರ್ಬೋದು. ಒಂದು ಫುಟ್‌ನೋಟ್‌ಗೆ ಯಾರ್ ತಲೆ ಕೆಡಿಸ್ಕತಾರೆ? ಅವ್ಳು ಮರ್ತಿರ್ತಾಳೆ ಬಿಡಿ. ಮಕ್ಳು.”

ತಿದ್ದಿದ ಹಾಳೆಯನ್ನು ಎಲ್ಲ ಕಾಲೇಜಿಗೂ ಅಂಚೆಯಲ್ಲಿ ಕಳಿಸಲು ಒಪ್ಪಿದರು. ಫಲಿತಾಂಶ ಬದಲಿಸುವುದು ಆಗದು ಎಂದರು. ನಾನು ಹುಡುಗಿಯ ಹೆಸರಿಗೆ ಒಂದು ಪತ್ರ ಬರೆದೆ. ಇಂಗ್ಲಿಷಿನಲ್ಲಿ ಶುರುಮಾಡಿ, ಅದು ತೀರಾ ಸಲೀಸಾಗಿ ಬರುತ್ತಿದೆ ಎನ್ನಿಸಿ ಹರಿದು, ಕನ್ನಡದಲ್ಲಿ ಬರೆದೆ. ನಾಲ್ಕು ಸಾಲು ಬರೆಯಲು ಅರ್ಧ ದಿನ ಹಿಡಿಯಿತು. ಅದನ್ನೂ ಹೊಸ ಹಾಳೆಯನ್ನೂ ತೆಗೆದುಕೊಂಡು ಕಡೂರಿನಲ್ಲಿ ರೈಲು ಹತ್ತಿ ಅಜ್ಜಂಪುರದಲ್ಲಿ ಇಳಿದೆ.

ಅವಳ ತಾಯಿಯದು ಟೈಲರಿಂಗ್ ಅಂಗಡಿ. ನಾನು ಮೆಟ್ಟಿಲು ಹತ್ತುತ್ತಲೇ ಆಕೆ ಟೇಪ್ ಕೊರಳಿಗೆ ಹಾಕಿಕೊಂಡು, “ಬನ್ನಿ ಮಿಸ್, ಬ್ಲೌಸಾ? ಲೈನಿಂಗ್ ಹಾಕ್ಬೇಕಾ?” ಎಂದರು. ಕನ್ನಡಕ ಕಂಡರೆ ಮಿಸ್ ಎಂದೇ ಕರೆಯುತ್ತಾರೇನೋ. ಯಾರೆಂದು ಹೇಳಿದ ಮೇಲೆ ಟೇಪ್ ತೆಗೆದು ಮೇಜಿನ ಮೇಲಿಟ್ಟರು. ಒಳಗಿನಿಂದ ಹುಡುಗಿ ಹುಕ್ಸು ಹಾಕುತ್ತಿದ್ದ ರವಿಕೆ ಸಮೇತ ಬಂದಳು.

ನಾನು ಬಾಯಿಪಾಠ ಮಾಡಿಕೊಂಡು ಬಂದಿದ್ದನ್ನು ಹೇಳಿದೆ. ನಿನ್ನ ಅಂಕಿ ಸರಿ, ನನ್ನ ಹಾಳೆ ತಪ್ಪು, ಕ್ಷಮಿಸಬೇಕು. ಹಾಳೆ ಕೊಟ್ಟೆ. ಅವಳು ಮೊದಲು ಹಾಳೆಯ ಕೆಳಭಾಗ ನೋಡಿದಳು. ಈ ಸಲ ಟಿಪ್ಪಣಿ ಇತ್ತು. ಅದನ್ನು ಓದಿ ಮುಗಿಸಿ ಕೇಳಿದಳು:

“ಅವತ್ತು ಸ್ಟೇಜ್ ಮೇಲೆ ನಿಮ್ಗೆ ಗೊತ್ತಿತ್ತಾ ಮೇಡಂ?”

ಅನುಮಾನ ಇತ್ತು ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿಕೊಂಡು, “ಗೊತ್ತಿತ್ತು” ಎಂದೆ.

ಅವಳು ತಲೆ ಅಲ್ಲಾಡಿಸಿದಳು. ಸಿಟ್ಟು ಬಂದಿದ್ದರೆ ನನಗೆ ಹಗುರವಾಗುತ್ತಿತ್ತು. “ನಾನು ಎಲ್ಲೋ ತಪ್ಪು ಓದಿದೀನಿ ಅಂತ ಮನೆಗೆ ಬಂದು ನಾಲ್ಕು ಸಲ ಓದ್ದೆ ಮೇಡಂ. ನೀವು ಅಷ್ಟು ಖಡಾಖಂಡಿತ ಹೇಳಿದ್ರಲ್ಲ. ಆಮೇಲೆ, ನಂಗೆ ಇದು ಅರ್ಥ ಆಗೋ ಸಬ್ಜೆಕ್ಟ್ ಅಲ್ಲ ಅನ್ಕೊಂಡೆ.”

“ನಿಮ್ಮ ಮಾವ…” ಎಂದೆ, ಏನು ಕೇಳಬೇಕೆಂದು ತೋಚದೆ.

ತಾಯಿಗೆ ನಗು ಬಂತು. “ನನ್ ತಮ್ಮಂದು ಶಾಮಿಯಾನ ಅಂಗಡಿ ಮಿಸ್. ದುಡ್ ಕೊಟ್ರೆ ಯಾರ ಬಾವುಟ ಆದ್ರೂ ಕಟ್ತಾನೆ. ಹೋದ್ ಎಲೆಕ್ಷನ್‌ನಾಗೆ ಬೆಳಿಗ್ಗೆ ಒಬ್ರುದ್ದು, ಸಾಯಂಕಾಲ ಇನ್ನೊಬ್ರುದ್ದು ಕಟ್ಟಿದ್ದ. ಅವ್ನಿಗೆ ದೇಶದ ಸಾಲ ಎಲ್ಲಿ ಗೊತ್ತು, ಅವ್ನಿಗೇ ಬರ್ಬೇಕಾದ ಬಾಡಿಗೆ ಎರಡೂ ಪಾರ್ಟಿಯವ್ರು ಕೊಟ್ಟಿಲ್ಲ.”

ನಾನೂ ನಕ್ಕೆ. ಹುಡುಗಿ ನಗಲಿಲ್ಲ. ಕಾಲೇಜಿನಲ್ಲಿ ಅವಳನ್ನು ಈಗಲೂ ಆ ಪಕ್ಷದ ಹೆಸರು ಹಿಡಿದೇ ಕರೆಯುತ್ತಾರಂತೆ. ಹಾಜರಿ ಕೂಗುವಾಗ ಹಿಂದಿನಿಂದ ಘೋಷಣೆ ಹಾಕುತ್ತಾರಂತೆ. ಒಬ್ಬ ಲೆಕ್ಚರರೂ ತಮಾಷೆಗೆ ಹಾಗೆ ಕರೆದರಂತೆ. ಡಿಗ್ರಿಗೆ ಅರ್ಥಶಾಸ್ತ್ರ ತೆಗೆದುಕೊಳ್ಳಬೇಕೆಂದಿದ್ದವಳು ಈಗ ಶಿವಮೊಗ್ಗದಲ್ಲಿ ಲ್ಯಾಬ್ ಟೆಕ್ನಿಷಿಯನ್ ಕೋರ್ಸಿನ ಅರ್ಜಿ ತಂದಿಟ್ಟುಕೊಂಡಿದ್ದಳು. “ಅದ್ರಲ್ಲಿ ಯಾರೂ ಪಾರ್ಟಿ ಕೇಳಲ್ಲ ಮೇಡಂ” ಎಂದಳು.

ಮನಸ್ಸು ಬದಲಿಸು ಎಂದೆ. ನಾನೇ ಪಾಠ ಹೇಳಿಕೊಡುತ್ತೇನೆ, ಕಡೂರಿಗೆ ಬಾ ಎಂದೆ. “ಆಯ್ತು ಮೇಡಂ” ಎಂದಳು. ದೊಡ್ಡವರನ್ನು ಬೇಗ ಕಳಿಸಬೇಕಾದಾಗ ಮಕ್ಕಳು ಹೇಳುವ ಆಯ್ತು.

ಹೊರಡುವಾಗ ಪತ್ರದ ನೆನಪಾಗಿ ತೆಗೆದು ತಾಯಿಯ ಕೈಗೆ ಕೊಟ್ಟೆ. ನನ್ನ ಸಹಿ ಇದೆ, ಯಾರಾದರೂ ಏನಾದರೂ ಅಂದರೆ ತೋರಿಸಲಿ ಎಂದೆ. ಆಕೆ ಅದನ್ನು ಬಿಡಿಸದೆ, ಎರಡೂ ಕಡೆ ತಿರುಗಿಸಿ ನೋಡಿದರು.

“ಕಾಗ್ದ ಇಟ್ಕೊಂಡು ಏನ್ ಮಾಡ್ತಾಳೆ ಮಿಸ್?” ಎಂದರು, ಬೇಸರವೇನೂ ಇಲ್ಲದ ದನಿಯಲ್ಲಿ. “ಒಬ್ಬೊಬ್ರ ಮನೆಗೂ ಹೋಗಿ ಓದ್ಬೇಕಾ? ಅವತ್ತು ನೀವು ಹೇಳಿದ್ದು ಮೈಕ್ನಾಗೆ ಅಲ್ವಾ?”

ನಾನು ಚಪ್ಪಲಿ ಮೆಟ್ಟಿ ಮೆಟ್ಟಿಲು ಇಳಿದೆ.

ಅವಳ ಕಾಲೇಜಿಗೆ ಹೋಗಿ ಪ್ರಾರ್ಥನೆಯ ಹೊತ್ತಿನಲ್ಲಿ ಎರಡು ಮಾತು ಹೇಳಲೇ ಎಂದು ಕೇಳಿ ಅಲ್ಲಿನ ಪ್ರಿನ್ಸಿಪಾಲರಿಗೆ ಬರೆದೆ. ಪರೀಕ್ಷೆ ಹತ್ತಿರವಿದೆ, ಮಕ್ಕಳ ಗಮನ ಬೇರೆಡೆ ಹೋಗುವುದು ಬೇಡ ಎಂಬ ಉತ್ತರ ಬಂತು. ಚುನಾವಣೆಯೂ ಹತ್ತಿರವಿತ್ತು, ಅದನ್ನು ಅವರು ಬರೆದಿರಲಿಲ್ಲ. ಅವಳು ಕಡೂರಿಗೆ ಬರಲಿಲ್ಲ. ಜೂನ್‌ನಲ್ಲಿ ಶಿವಮೊಗ್ಗಕ್ಕೆ ಹೋದಳೆಂದು ಕೇಳಿದೆ.

ಮರುವರ್ಷ ತರೀಕೆರೆಯ ಸ್ಪರ್ಧೆಗೆ ಹಾಳೆ ಮಾಡಿಕೊಡಲು ಒಂದೇ ಷರತ್ತು ಹಾಕಿದೆ: ಶುರುವಿನಲ್ಲಿ ನನಗೆ ಎರಡು ನಿಮಿಷ ಬೇಕು. ಪ್ರಿನ್ಸಿಪಾಲರು ಹಣೆ ಒತ್ತಿಕೊಳ್ಳುತ್ತಲೇ ಒಪ್ಪಿದರು. ಎದ್ದು ನಿಂತೆ. ಕಳೆದ ವರ್ಷ ಇದೇ ಜಾಗದಲ್ಲಿ ಅಜ್ಜಂಪುರದ ಒಬ್ಬ ವಿದ್ಯಾರ್ಥಿನಿ ನಾನು ಕೊಟ್ಟ ಹಾಳೆಯ ತಪ್ಪು ಹಿಡಿದಳು, ಅವಳು ಹೇಳಿದ್ದು ಸರಿ, ಅದು ನನಗೆ ಆಗಲೇ ಗೊತ್ತಿತ್ತು, ಗೊತ್ತಿದ್ದೂ ಅವಳ ಎರಡು ಅಂಕ ಕಳೆದೆ, ಅವಳು ಯಾವ ಪಕ್ಷದ ಪರವಾಗಿಯೂ ಮಾತಾಡಿರಲಿಲ್ಲ ಎಂದು ಹೇಳಿದೆ.

ಹಾಲ್ ತುಂಬ ಹೊಸ ಮುಖಗಳು. ಹಿಂದಿನ ವರ್ಷ ಬಂದಿದ್ದವರೆಲ್ಲ ದ್ವಿತೀಯ ಪಿಯುದವರು, ಪರೀಕ್ಷೆ ಮುಗಿಸಿ ಎಲ್ಲೆಲ್ಲಿಗೋ ಹೋಗಿದ್ದರು. ಮಕ್ಕಳು ಎಲ್ಲದಕ್ಕೂ ತಟ್ಟುವ ಹಾಗೆ ಇದಕ್ಕೂ ಚಪ್ಪಾಳೆ ತಟ್ಟಿದರು. ನಾನು ಕುರ್ಚಿಗೆ ಮರಳುವಾಗ ಮುಂದಿನ ಬೆಂಚಿನ ಹುಡುಗಿಯೊಬ್ಬಳು ಪಕ್ಕದವಳನ್ನು ಕೇಳಿದಳು.

“ಯಾರ್ ಬಗ್ಗೆ ಕಣೇ ಹೇಳಿದ್ದು?”

“ಗೊತ್ತಿಲ್ಲ ಕಣೇ. ಯಾರೋ ಹಳೇ ಸ್ಟೂಡೆಂಟ್ ಇರ್ಬೇಕು.”